ಬಾಯ್ಲರ್‌ಗೊಂದು ಅವಳಿ: ಮೌದಾದಲ್ಲಿ ನಿಂತು ನೋಡಿದ ಡಿಜಿಟಲ್ ಟ್ವಿನ್, ಎಐ ಮತ್ತು ಎಕ್ಸ್‌ಆರ್

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತು ಇಲ್ಲದವರಿಗಾಗಿ ಮಾತಿನ ಬರಹರೂಪ ಇಲ್ಲಿದೆ. ಓದೋಕೆ ಅನುಕೂಲ ಆಗ್ಲಿ ಅಂತ ಸ್ವಲ್ಪ ತಿದ್ದಿದ್ದೀನಿ. ಆದ್ರೂ ಮಾತಿನ ವಾಸನೆ ಅಲ್ಲಲ್ಲಿ ಉಳಿದಿರುತ್ತೆ, ಹೊಂದಿಸಿಕೊಳ್ಳಿ.

ಡಿಜಿಟಲ್ ಟ್ವಿನ್, ಕೃತಕ ಬುದ್ಧಿಮತ್ತೆ, ಎಕ್ಸ್‌ಆರ್: ಈ ಮೂರೂ ಪದಗಳನ್ನ ಒಂದೇ ಸ್ಲೈಡ್‌ನಲ್ಲಿ ಹಾಕಿ, ನಡುವೆ ನೀಲಿ ಬಾಣ ಬಿಡಿಸಿದ ಪ್ರೆಸೆಂಟೇಶನ್ ನೀವೂ ನೋಡಿರ್ತೀರಿ. ಆ ಬಾಣದ ಒಳಗೆ ಏನಿದೆ ಅಂತ ಮಾತ್ರ ಯಾರೂ ಹೇಳಲ್ಲ. ಇವತ್ತು ಆ ಬಾಣದ ಒಳಗೆ ಹೋಗೋಣ. ಅದಕ್ಕೆ ಕಣ್ಣಿಗೆ ಕಾಣೋ ಒಂದು ಉದಾಹರಣೆ ಬೇಕು. ನಾನಿರೋ ಊರಲ್ಲೇ ಅದು ಇದೆ.

ಮೌದಾ, ನಾಗಪುರದಿಂದ ಭಂಡಾರಾ ಕಡೆ ಹೋಗೋ ರಾಷ್ಟ್ರೀಯ ಹೆದ್ದಾರಿ 53ರ ಮೇಲಿರೋ ತಾಲ್ಲೂಕು ಕೇಂದ್ರ. ಇಲ್ಲಿನ ಎನ್‌ಟಿಪಿಸಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ 500 ಮೆಗಾವ್ಯಾಟ್‌ನ ಎರಡು ಘಟಕ, 660 ಮೆಗಾವ್ಯಾಟ್‌ನ ಎರಡು ಘಟಕ, ಒಟ್ಟು 2,320 ಮೆಗಾವ್ಯಾಟ್ ಇದೆ. ನೀರು ಬರೋದು ವೈನಗಂಗಾ ನದಿಯ ಗೋಸೀಖುರ್ದ್ ಜಲಾಶಯದಿಂದ. ನಮ್ಮ ದೇಶದ ಕಲ್ಲಿದ್ದಲಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಅಂದಾಜು 600ರಿಂದ 700 ಗ್ರಾಂ ಬೇಕಾಗುತ್ತೆ. ಆ ಲೆಕ್ಕದಲ್ಲಿ ನಾಲ್ಕೂ ಘಟಕ ಪೂರ್ತಿ ಓಡಿದ್ರೆ ಗಂಟೆಗೆ ಹೆಚ್ಚುಕಮ್ಮಿ ಒಂದೂವರೆ ಸಾವಿರ ಟನ್ ಕಲ್ಲಿದ್ದಲು ಉರಿಯುತ್ತೆ. ನಾನು ಆ ಸ್ಥಾವರದ ಉದ್ಯೋಗಿ ಅಲ್ಲ, ಒಳಗಿನ ಗುಟ್ಟು ಯಾವುದೂ ನನ್ನ ಹತ್ತಿರ ಇಲ್ಲ. ಇಲ್ಲಿ ಹೇಳ್ತಿರೋದು ಇಂಥ ಯಾವ ಸ್ಥಾವರಕ್ಕೂ ಅನ್ವಯಿಸೋ ಎಂಜಿನಿಯರಿಂಗ್. ಶಕ್ತಿನಗರ, ಕುಡತಿನಿ, ಕೂಡಗಿ ಕಡೆಯವರು ತಮ್ಮ ಊರಿನ ಚಿಮಣಿಯನ್ನೇ ನೆನೆಸಿಕೊಂಡು ಓದಬಹುದು.

ಸಂಕೀರ್ಣ ವ್ಯವಸ್ಥೆ ಅಂದ್ರೆ ದೊಡ್ಡ ವ್ಯವಸ್ಥೆ ಅಂತಲ್ಲ. ಒಂದು ಕಡೆ ಎಳೆದ್ರೆ ಇನ್ನೆಲ್ಲೋ ಅಲುಗಾಡೋ ವ್ಯವಸ್ಥೆ ಅಂತ. ಎಷ್ಟು ದೂರ ಅಲುಗಾಡುತ್ತೆ ನೋಡಿ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರ್ಕೊಂಡಿತು. ಅವತ್ತಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ, 50 ಹರ್ಟ್ಸ್. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್‌ನದು. ರಾಜಸ್ಥಾನ, ಗುಜರಾತಿನಲ್ಲಿ ಇನ್ನೂ ದೊಡ್ಡವಿವೆ. ಮಧ್ಯಾಹ್ನ ಬಿಸಿಲೇರಿದಾಗ ಇವೆಲ್ಲ ಸೇರಿ ಗ್ರಿಡ್ ತುಂಬಿಸ್ತವೆ, ಆಗ ಕಲ್ಲಿದ್ದಲಿನವರು ಕೈ ಹಿಡಿದು ಓಡಿಸಬೇಕು. ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಮನೆಮನೆಯಲ್ಲೂ ದೀಪ, ಫ್ಯಾನ್ ಶುರು. ಆಗ ಅದೇ ಕಲ್ಲಿದ್ದಲಿನವರು ಏದುಸಿರು ಬಿಟ್ಕೊಂಡು ಮೇಲೇರಬೇಕು.

ಇದಕ್ಕೆ ಈಗ ನಿಯಮವೂ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ತಂದ ನಿಯಮಗಳ ಪ್ರಕಾರ ಕಲ್ಲಿದ್ದಲು ಘಟಕಗಳು ಮೊದಲು ಶೇ. 55ರವರೆಗೆ, ಮುಂದೆ ಹಂತಹಂತವಾಗಿ ಶೇ. 40ರವರೆಗೆ ಲೋಡ್ ಇಳಿಸೋ ಶಕ್ತಿ ಪಡೀಬೇಕು. ಶೇ. 70ರಿಂದ 100ರ ನಡುವೆ ನಿಮಿಷಕ್ಕೆ ಶೇ. 3ರ ವೇಗದಲ್ಲಿ ಏರಿಳಿಯಬೇಕು. 500 ಮೆಗಾವ್ಯಾಟ್ ಘಟಕಕ್ಕೆ ಅದು ನಿಮಿಷಕ್ಕೆ 15 ಮೆಗಾವ್ಯಾಟ್. 350ರಲ್ಲಿದ್ದದ್ದು ಹತ್ತೇ ನಿಮಿಷದಲ್ಲಿ 500ಕ್ಕೆ ಬರಬೇಕು. ಇಂಥ ಘಟಕಗಳನ್ನ ಹಗಲು-ರಾತ್ರಿ ಒಂದೇ ಸಮನೆ ಓಡಲಿ ಅಂತ ವಿನ್ಯಾಸ ಮಾಡಿದ್ದು. ಎತ್ತಿನಗಾಡಿಯ ಎತ್ತನ್ನ ಓಟದ ಸ್ಪರ್ಧೆಗೆ ಬಿಟ್ಟ ಹಾಗೆ.

ಏರಿಳಿದ್ರೆ ಏನಾಗುತ್ತೆ? ದಪ್ಪ ಗಾಜಿನ ಲೋಟಕ್ಕೆ ಕುದಿಯೋ ಕಾಫಿ ಸುರಿದು ನೋಡಿದವರಿಗೆ ಗೊತ್ತು. ತೆಳ್ಳಗಿನ ಲೋಟ ಬದುಕುತ್ತೆ, ದಪ್ಪದ್ದು ಟಣ್ ಅಂತ ಸೀಳುತ್ತೆ. ಒಳಮೈ ಬಿಸಿಯಾಗಿ ಹಿಗ್ಗೋಕೆ ನೋಡುತ್ತೆ, ಹೊರಮೈ ಇನ್ನೂ ತಣ್ಣಗೆ ಕೂತಿರುತ್ತೆ, ಎರಡರ ಜಗಳದಲ್ಲಿ ಗಾಜು ಹೋಗುತ್ತೆ. 500 ಮೆಗಾವ್ಯಾಟ್ ಘಟಕದ ಬಾಯ್ಲರ್ ಮೇಲಿರೋ ಸ್ಟೀಮ್ ಡ್ರಮ್‌ನ ಗೋಡೆ ಹತ್ತು ಸೆಂಟಿಮೀಟರಿಗಿಂತ ದಪ್ಪದ ಉಕ್ಕು. ಉಕ್ಕು ಗಾಜಿನ ಹಾಗೆ ಒಂದೇ ಸಲಕ್ಕೆ ಸೀಳಲ್ಲ. ದಣಿಯುತ್ತೆ. ಸೈಕಲ್ ಕಡ್ಡಿಯನ್ನ ಆಕಡೆ ಈಕಡೆ ಬಗ್ಗಿಸ್ತಾ ಹೋದ್ರೆ ಇಪ್ಪತ್ತನೇ ಸಲಕ್ಕೋ ಮೂವತ್ತನೇ ಸಲಕ್ಕೋ ಮುರಿಯುತ್ತಲ್ಲ, ಹಾಗೆ. ದಿನಕ್ಕೊಂದು ದೊಡ್ಡ ಏರಿಳಿತ ಅಂದ್ರೆ ದಿನಕ್ಕೊಂದು ಸಲ ಬಗ್ಗಿಸಿದ ಹಾಗೆ.

ಇನ್ನೊಂದು ಸಂಗತಿ ಹೇಳಿದ್ರೆ ಹೊಸಬರು ನಂಬಲ್ಲ. ದೊಡ್ಡ ಬಾಯ್ಲರ್ ನೆಲದ ಮೇಲೆ ಕೂತಿರಲ್ಲ, ಮೇಲಿನ ತೊಲೆಗಳಿಂದ ನೇತಾಡ್ತಿರುತ್ತೆ. ಕಾದಾಗ ಕೆಳಕ್ಕೆ ಬೆಳೀಲಿ ಅಂತ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 12 ಮೈಕ್ರೊಮೀಟರ್ ಹಿಗ್ಗುತ್ತೆ. 60 ಮೀಟರ್ ಎತ್ತರ, 350 ಡಿಗ್ರಿ ವ್ಯತ್ಯಾಸ ಇಟ್ಕೊಂಡು ಗುಣಿಸಿ, 25 ಸೆಂಟಿಮೀಟರ್ ಬರುತ್ತೆ. ಅಂದ್ರೆ ಅಷ್ಟು ದೊಡ್ಡ ಕಟ್ಟಡದಂಥದ್ದು ಲೋಡ್ ಜೊತೆ ಉಸಿರಾಡ್ತಿರುತ್ತೆ.

ಈಗ ಪ್ರಶ್ನೆ: ಆ ಡ್ರಮ್ ಗೋಡೆಯ ಒಳಗಿನ ಎಳೆತ ಎಷ್ಟು ಅಂತ ಯಾವ ಸೆನ್ಸರ್ ಹೇಳುತ್ತೆ? ಯಾವುದೂ ಹೇಳಲ್ಲ. ಕೆಲವು ಕಡೆ ತಾಪ ಗೊತ್ತು, ಒಳಗಿನ ಪ್ರೆಶರ್ ಗೊತ್ತು, ನೀರಿನ ಮಟ್ಟ ಗೊತ್ತು. ನಮಗೆ ಬೇಕಾದ ಸಂಖ್ಯೆ ಮಾತ್ರ ಉಕ್ಕಿನ ಹೊಟ್ಟೆಯೊಳಗಿದೆ. ಅಮ್ಮ ಕುಕ್ಕರ್ ಮುಚ್ಚಳ ತೆಗೆದು ಅಕ್ಕಿ ಬೆಂದಿದೆಯಾ ಅಂತ ನೋಡ್ತಾರಾ? ಇಲ್ಲ. ವಿಷಲ್ ಎಣಿಸ್ತಾರೆ, ಉರಿ ಎಷ್ಟಿಟ್ಟಿದ್ದೆ, ನೀರೆಷ್ಟು ಹಾಕಿದ್ದೆ ಅಂತ ನೆನಪಿಟ್ಟು ಒಳಗಿನದನ್ನ ಊಹಿಸ್ತಾರೆ. ಅವರ ತಲೆಯಲ್ಲಿ ಒಂದು ಕುಕ್ಕರ್ ಇದೆ, ಒಲೆ ಮೇಲಿರೋದರ ಜೊತೆಜೊತೆಗೇ ಅದೂ ಬೇಯ್ತಿರುತ್ತೆ. ಡಿಜಿಟಲ್ ಟ್ವಿನ್ ಅಂದ್ರೆ ಆ ತಲೆಯೊಳಗಿನ ಕುಕ್ಕರ್. ಸಿಗೋ ಅಳತೆಗಳನ್ನ ಕ್ಷಣಕ್ಷಣಕ್ಕೂ ತಗೊಂಡು, ಶಾಖ ಹರಿಯೋ ಸಮೀಕರಣ ಬಿಡಿಸಿ, ಅಳೆಯೋಕಾಗದ ಎಳೆತ ಇಷ್ಟು, ಈ ಏರಿಳಿತದಲ್ಲಿ ಆಯುಸ್ಸು ಇಷ್ಟು ಖರ್ಚಾಯ್ತು ಅಂತ ಲೆಕ್ಕ ಬರೆದಿಡೋದು. ಲೆಕ್ಕ ಯಾಕೆ ಮುಖ್ಯ ಅಂದ್ರೆ, ಸೂಪರ್‌ಹೀಟರ್ ಟ್ಯೂಬ್ ತನ್ನ ಮಿತಿಗಿಂತ ಬರೀ ಹತ್ತು ಡಿಗ್ರಿಯಷ್ಟು ಜಾಸ್ತಿ ಬಿಸಿಯಲ್ಲಿ ಓಡ್ತಾ ಇದ್ರೆ ಅದರ ಆಯುಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ ಅನ್ನೋದು ಈ ಕ್ಷೇತ್ರದ ಹಳೇ ರೂಢಿ ಲೆಕ್ಕ. ಪರದೆ ಮೇಲೆ ಹತ್ತು ಡಿಗ್ರಿ ಯಾರ ಕಣ್ಣಿಗೂ ಬೀಳಲ್ಲ.

ಇತಿಹಾಸ ಎರಡೇ ಮಾತಲ್ಲಿ ಮುಗಿಸ್ತೀನಿ. ಎಲ್ಲ ಲೇಖನಗಳೂ 1970ರ ಅಪೋಲೊ 13ರಿಂದಲೇ ಶುರುವಾಗ್ತವೆ. ಆಮ್ಲಜನಕದ ಟ್ಯಾಂಕ್ ಸಿಡಿದಾಗ ನಾಸಾದವರು ನೆಲದ ಮೇಲಿನ ಸಿಮ್ಯುಲೇಟರ್‌ಗಳಲ್ಲಿ ಪ್ರಯೋಗ ಮಾಡಿ ದಾರಿ ಹುಡುಕಿದ್ರು. ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟಿದ್ದು 2002ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಮೈಕೇಲ್ ಗ್ರೀವ್ಸ್, ಹೆಸರು ನಿಂತಿದ್ದು 2010ರಲ್ಲಿ ನಾಸಾದ ಜಾನ್ ವಿಕರ್ಸ್ ಅವರಿಂದ. ನನಗೆ ಇದಕ್ಕಿಂತ ಉಪಯೋಗಕ್ಕೆ ಬರೋದು 2018ರ ಒಂದು ಸಂಶೋಧನಾ ಪ್ರಬಂಧದಲ್ಲಿ ಬಂದ ವಿಂಗಡಣೆ. ಅದನ್ನ ಕನ್ನಡದಲ್ಲಿ ಹೀಗೆ ಹೇಳಬಹುದು: ಮಾಹಿತಿಯನ್ನ ಕೈಯಲ್ಲಿ ತುಂಬಿಸೋದಾದ್ರೆ ಅದು ಬರೀ ಮಾದರಿ. ಯಂತ್ರದಿಂದ ಮಾಹಿತಿ ತಾನಾಗೇ ಬರ್ತಿದ್ರೆ ನೆರಳು. ಅಲ್ಲಿಂದ ಯಂತ್ರಕ್ಕೆ ವಾಪಸ್ ಆದೇಶವೂ ತಾನಾಗೇ ಹೋಗೋ ಹಾಗಿದ್ರೆ ಮಾತ್ರ ಅವಳಿ. ಈ ಅಳತೆಗೋಲು ಇಟ್ರೆ ಮಾರುಕಟ್ಟೆಯಲ್ಲಿ ಅವಳಿ ಅಂತ ಮಾರಾಟವಾಗ್ತಿರೋ ಬಹಳಷ್ಟು ಸರಕು ನೆರಳೇ. ಕೆಲವಂತೂ ಚೆಂದದ ಮೂರು ಆಯಾಮದ ಚಿತ್ರ, ಅಷ್ಟೇ. ನೆರಳು ಅಂದ್ರೆ ಕೀಳು ಅಂತ ತಿಳ್ಕೋಬೇಡಿ. ಬಾಯ್ಲರ್ ಥರದ ಕಡೆ ಒಳ್ಳೇ ನೆರಳೊಂದಿದ್ರೆ ಬೇಕಾದಷ್ಟಾಯ್ತು ಅನ್ನೋದು ನನ್ನ ಅಭಿಪ್ರಾಯ.

ಸರಿ, ಎಐ ಎಲ್ಲಿ ಬರುತ್ತೆ? ಬಾಯ್ಲರ್ ಟ್ಯೂಬ್ ಸೋರಿಕೆ ತಗೊಳ್ಳಿ. ಕಲ್ಲಿದ್ದಲು ಸ್ಥಾವರ ದಿಢೀರ್ ನಿಲ್ಲೋದಕ್ಕೆ ಇದೊಂದು ಮುಖ್ಯ ಕಾರಣ. ನೂರಾರು ಕಿಲೋಮೀಟರ್ ಉದ್ದದ ಟ್ಯೂಬ್‌ನಲ್ಲಿ ಎಲ್ಲೋ ಒಂದು ಸೂಜಿಮೊನೆಯಷ್ಟು ತೂತು. ಅಲ್ಲಿಂದ ಚಿಮ್ಮೋ ಉಗಿ ಪಕ್ಕದ ಟ್ಯೂಬನ್ನ ಕೊರೆಯುತ್ತೆ, ಅದು ಅದರ ಪಕ್ಕದ್ದನ್ನ. ಬೇಗ ಗೊತ್ತಾದ್ರೆ ಒಂದೆರಡು ಟ್ಯೂಬ್ ರಿಪೇರಿ, ತಡವಾದ್ರೆ ಒಂದು ಗೊಂಚಲು. ಸುಳಿವುಗಳಂತೂ ಇರ್ತವೆ: ಹೊಸದಾಗಿ ಸೇರಿಸಬೇಕಾದ ನೀರು ಸ್ವಲ್ಪ ಜಾಸ್ತಿ, ಹೊಗೆ ಎಳೆಯೋ ಐಡಿ ಫ್ಯಾನ್‌ನ ಕರೆಂಟು ಸ್ವಲ್ಪ ಜಾಸ್ತಿ, ಹೊಗೆಯ ಬಿಸಿ ಒಂದು ಕಡೆ ಸ್ವಲ್ಪ ಕಮ್ಮಿ. ಪ್ರತಿಯೊಂದೂ ತನ್ನ ಅಲಾರಂ ಮಿತಿಯ ಒಳಗೇ ಇದೆ, ಹಾಗಾಗಿ ಯಾವುದೂ ಕೂಗಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಮಾತ್ರ ಏನೋ ಸರಿ ಇಲ್ಲ ಅಂತ ಕಾಣುತ್ತೆ. ಅನುಭವಿ ಆಪರೇಟರ್‌ಗೆ ಇದು ಗೊತ್ತಾಗುತ್ತೆ, ಆದ್ರೆ ಸಾವಿರಾರು ಸಿಗ್ನಲ್‌ಗಳನ್ನ ಮಧ್ಯರಾತ್ರಿ ಎರಡು ಗಂಟೆಗೆ ಒಬ್ಬ ಮನುಷ್ಯ ಒಟ್ಟಿಗೆ ನೋಡೋಕಾಗಲ್ಲ. ಇಲ್ಲಿ ಯಂತ್ರಕಲಿಕೆಯ ಮಾಡೆಲ್ ಮಾಡೋ ಕೆಲಸ ಸರಳ: ಇಷ್ಟು ಲೋಡ್, ಇಂಥ ಕಲ್ಲಿದ್ದಲು, ಇಷ್ಟು ಹವೆ ಇದ್ದಾಗ ಫ್ಯಾನ್ ಕರೆಂಟು ಇಷ್ಟಿರಬೇಕಿತ್ತು ಅಂತ ಹೇಳೋದು. ಇರಬೇಕಾದ್ದಕ್ಕೂ ಇರೋದಕ್ಕೂ ನಡುವಿನ ಅಂತರ ನಿಧಾನಕ್ಕೆ ಬೆಳೀತಿದ್ರೆ ಕೂಗೋದು.

ಇಲ್ಲೇ ದೊಡ್ಡ ಸಿಕ್ಕು ಇರೋದು. ಮಾಡೆಲ್ ಕಲಿಯೋದು ಹಳೇ ದಾಖಲೆಗಳಿಂದ. ಘಟಕ ಶೇ. 40ರ ಲೋಡ್‌ನಲ್ಲಿ ಓಡಿದ ಇತಿಹಾಸವೇ ಇಲ್ಲ ಅಂದ್ಮೇಲೆ ಆ ಲೋಡ್‌ನಲ್ಲಿ ಯಾವುದು ಸಹಜ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಮೊದಲ ವಾರ ಎಲ್ಲಕ್ಕೂ ಕೂಗುತ್ತೆ. ಎರಡನೇ ವಾರ ಆಪರೇಟರ್ ಅದನ್ನ ಮ್ಯೂಟ್ ಮಾಡ್ತಾರೆ. ಮೂರನೇ ವಾರ ನಿಜವಾದ ಸೋರಿಕೆ ಬರುತ್ತೆ. ವೈಫಲ್ಯಗಳ ಕಥೆಯೂ ಅಷ್ಟೇ. ದೇವರ ದಯೆಯಿಂದ ದೊಡ್ಡ ವೈಫಲ್ಯಗಳು ಅಪರೂಪ, ಹಾಗಾಗಿ ಕಲಿಯೋಕೆ ಉದಾಹರಣೆಗಳೂ ಅಪರೂಪ.

ಭೌತಶಾಸ್ತ್ರ ಆಧಾರಿತ ಅವಳಿ ಬೇಕಾಗೋದು ಇದೇ ಜಾಗದಲ್ಲಿ. ಸಮೀಕರಣಗಳಿಗೆ ಶೇ. 40 ಆದ್ರೇನು, 90 ಆದ್ರೇನು, ಶಾಖ ಅದೇ ನಿಯಮದಲ್ಲಿ ಹರಿಯುತ್ತೆ. ನಡೆಯದೇ ಇರೋ ಪರಿಸ್ಥಿತಿಯನ್ನ ಅವಳಿಯಲ್ಲಿ ನಡೆಸಿ, ಆ ಫಲಿತಾಂಶದಿಂದ ಎಐಗೆ ಪಾಠ ಹೇಳಬಹುದು. ಅವಳಿಗೂ ಒಂದು ರೋಗ ಇದೆ: ಅದು ಹೊಸ ಬಾಯ್ಲರಿನ ಅವಳಿ. ನಿಜವಾದ ಬಾಯ್ಲರಿಗೆ ಬೂದಿ ಮೆತ್ತಿದೆ, ಕವಾಟ ಸವೆದಿದೆ, ಕಲ್ಲಿದ್ದಲಿನ ಗುಣ ನಿನ್ನೆಯದಲ್ಲ. ಆ ವ್ಯತ್ಯಾಸವನ್ನ ದಿನಾ ತಿದ್ದೋಕೆ ಮತ್ತೆ ಎಐ ಬೇಕು. ಜೊತೆಗೆ ಪೂರ್ತಿ ಸಮೀಕರಣ ಬಿಡಿಸೋಕೆ ಗಂಟೆಗಟ್ಟಲೆ ಬೇಕಾದ್ರೆ, ಹತ್ತು ನಿಮಿಷದಲ್ಲಿ ಮುಗಿಯೋ ಏರಿಕೆಗೆ ಅದರಿಂದ ಏನು ಪ್ರಯೋಜನ? ಅದಕ್ಕೇ ಆ ಸಮೀಕರಣಗಳ ಉತ್ತರವನ್ನ ಬೇಗ ಅಂದಾಜಿಸೋ ನ್ಯೂರಲ್ ನೆಟ್‌ವರ್ಕ್ ತಯಾರಿಸ್ತಾರೆ. ಒಂದರ ಕುರುಡನ್ನ ಇನ್ನೊಂದು ತುಂಬುತ್ತೆ. ಸ್ಲೈಡ್‌ನಲ್ಲಿದ್ದ ನೀಲಿ ಬಾಣ ಇದು.

ಮೂರನೇದು ಎಕ್ಸ್‌ಆರ್, ವಿಆರ್-ಎಆರ್ ಎರಡನ್ನೂ ಸೇರಿಸಿದ ಹೆಸರು. ಈ ಮೂರರಲ್ಲಿ ಅತಿ ಹೆಚ್ಚು ಉಬ್ಬಿಸಿ ಹೇಳಿರೋದು ಇದನ್ನೇ ಅಂತ ನನಗನ್ಸುತ್ತೆ. ಕಾರಣ ಬಹಳ ಸಾಮಾನ್ಯವಾದದ್ದು. ಮೇ ತಿಂಗಳಲ್ಲಿ ನಾಗಪುರ ಕಡೆ 45 ಡಿಗ್ರಿ ದಾಟೋದು ಹೊಸದೇನಲ್ಲ, ಬಾಯ್ಲರ್ ಪಕ್ಕದಲ್ಲಿ ಇನ್ನೂ ಜಾಸ್ತಿ. ತಲೆ ಮೇಲೆ ಹೆಲ್ಮೆಟ್, ಮುಖಕ್ಕೆ ಧೂಳಿನ ಮಾಸ್ಕ್, ಕೈಯಲ್ಲಿ ಗ್ಲೌಸ್, ಅದರ ಮೇಲೆ ಕಣ್ಣಿಗೆ ಒಂದು ಹೆಡ್‌ಸೆಟ್ ಕಟ್ಟಿಕೊಂಡು ಜಾಲರಿ ಮೆಟ್ಟಿಲು ಹತ್ತಿ ಅಂದ್ರೆ ಯಾರು ಹತ್ತುತ್ತಾರೆ? ಹತ್ತಲೂಬಾರದು, ಕಾಲಿನ ಕೆಳಗೆ ಏನಿದೆ ಅಂತ ಕಾಣಬೇಕು. ಈ ಕ್ಷೇತ್ರದ ಹೆಸರಾಂತ ಹೆಡ್‌ಸೆಟ್ ಆಗಿದ್ದ ಮೈಕ್ರೋಸಾಫ್ಟ್ ಹೋಲೋಲೆನ್ಸ್ 2ರ ತಯಾರಿಕೆ 2024ರಲ್ಲಿ ನಿಂತೂ ಹೋಯ್ತು. ಪಂಪಿನ ಮೇಲೊಂದು ಕ್ಯೂಆರ್ ಕೋಡ್, ಕೈಯಲ್ಲೊಂದು ಗಟ್ಟಿಮುಟ್ಟಾದ ಟ್ಯಾಬ್: ಮುಕ್ಕಾಲು ಪಾಲು ಕೆಲಸ ಅದರಲ್ಲೇ ಆಗುತ್ತೆ.

ತರಬೇತಿಯಲ್ಲಿ ಮಾತ್ರ ಎಕ್ಸ್‌ಆರ್‌ಗೆ ಸಾಟಿ ಇಲ್ಲ. ನಮ್ಮಲ್ಲಿ ಕಂಟ್ರೋಲ್ ರೂಮ್ ಆಪರೇಟರ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಬಹಳ ವರ್ಷಗಳಿಂದ ಇದೆ. ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಕೇಂದ್ರ ನಾಗಪುರದಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಆದ್ರೆ ಕಂಟ್ರೋಲ್ ರೂಮಿನಲ್ಲಿ ಕೂರೋರು ಅಪಾಯದಿಂದ ದೂರ ಇರ್ತಾರೆ. ಬಾಯ್ಲರ್ ಪಕ್ಕ ನಿಂತು ಬೂದಿ ತೆಗೆಯೋ, ಸ್ಕ್ಯಾಫೋಲ್ಡಿಂಗ್ ಕಟ್ಟೋ ಗುತ್ತಿಗೆ ಕೆಲಸಗಾರರಿಗೆ ಯಾವ ಸಿಮ್ಯುಲೇಟರ್ ಇದೆ? ಈ ಬಾಗಿಲು ತೆಗೆದ್ರೆ ಯಾವ ಕಡೆಯಿಂದ ಬಿಸಿ ಬೂದಿ ಬರುತ್ತೆ, ಓಡೋದಾದ್ರೆ ಯಾವ ಮೆಟ್ಟಿಲು, ಯಾವ ಕವಾಟಕ್ಕೆ ಬೀಗ ಬಿದ್ದಿದೆ ಅಂತ ನೋಡಿಯೇ ಒಳಗೆ ಹೋಗೋದು ಹೇಗೆ, ಇದನ್ನ ಹಿಂದಿ, ಮರಾಠಿ, ಕನ್ನಡ ಬರಹ ಓದಲು ಬಾರದವರಿಗೂ ಕಣ್ಣಾರೆ ತೋರಿಸಬಹುದು. ತಂಪು ಕೋಣೆಯಲ್ಲಿ, ಅರ್ಧ ಗಂಟೆಯಲ್ಲಿ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, 2017ರ ನವೆಂಬರ್ 1. ಉತ್ತರ ಪ್ರದೇಶದ ರಾಯಬರೇಲಿ ಜಿಲ್ಲೆಯ ಊಂಚಾಹಾರ್ ಸ್ಥಾವರದ ಆರನೇ ಘಟಕ, 500 ಮೆಗಾವ್ಯಾಟ್‌ನದು. ಕುಲುಮೆಯ ತಳದಲ್ಲಿ ಬೂದಿ ಗಟ್ಟಿಕಟ್ಟಿತ್ತು. ಅದನ್ನ ತೆಗೆಯೋ ಕೆಲಸ ನಡೀತಿದ್ದಾಗ ಕುಲುಮೆಯ ಒಳಗಿನ ಬಿಸಿ ಅನಿಲ, ಬೂದಿ ಹೊರಗೆ ನುಗ್ಗಿತು. 40ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಬಹಳಷ್ಟು ಮಂದಿ ಕೆಲಸಗಾರರು. ಒಳ್ಳೇ ಸಾಫ್ಟ್‌ವೇರ್ ಇದ್ದಿದ್ರೆ ಇದು ತಪ್ತಿತ್ತು ಅಂತ ನಾನು ಹೇಳಲ್ಲ. ಹಾಗೆ ಹೇಳೋ ಹಕ್ಕು ಪ್ರಯೋಗಾಲಯದಲ್ಲಿ ಕೂತವರಿಗೆ ಇಲ್ಲ. ಆದ್ರೆ ಒಂದು ಮಾತು ಹೇಳಲೇಬೇಕು. ಇವತ್ತಿನ ಹೆಚ್ಚಿನ ಡೆಮೋಗಳಲ್ಲಿ ಪಂಪ್ ಇದೆ, ಫ್ಯಾನ್ ಇದೆ, ಟರ್ಬೈನಿನ ಒಂದೊಂದು ಬ್ಲೇಡೂ ಇದೆ, ಮನುಷ್ಯ ಇಲ್ಲ. ಈ ಕ್ಷಣ ಬಾಯ್ಲರ್ ಸುತ್ತ ಎಷ್ಟು ಜನ ಇದ್ದಾರೆ, ಯಾವ ಯಾವ ಕೆಲಸದ ಪರ್ಮಿಟ್ ತೆರೆದಿದೆ ಅನ್ನೋದು ಬೇರೆ ರಿಜಿಸ್ಟರಿನಲ್ಲಿ, ಎಷ್ಟೋ ಸಲ ಕಾಗದದಲ್ಲಿ ಇರುತ್ತೆ. ಕುಲುಮೆಯ ಪ್ರೆಶರ್ ಓಲಾಡ್ತಿದೆ ಅನ್ನೋದು ಒಂದು ಸುದ್ದಿ. ಕುಲುಮೆಯ ತಳದಲ್ಲಿ ಇಪ್ಪತ್ತು ಜನ ಇದ್ದಾಗ ಓಲಾಡ್ತಿದೆ ಅನ್ನೋದು ಬೇರೆಯದೇ ಸುದ್ದಿ. ಎರಡನ್ನೂ ಒಂದೇ ಪರದೆ ಮೇಲೆ ತರೋಕೆ ನ್ಯೂರಲ್ ನೆಟ್‌ವರ್ಕೂ ಬೇಡ, ಹೆಡ್‌ಸೆಟ್ಟೂ ಬೇಡ. ಎರಡು ಡೇಟಾಬೇಸ್ ಜೋಡಿಸಿದ್ರೆ ಸಾಕು. ನನ್ನನ್ನ ಕೇಳಿದ್ರೆ ಕೆಲಸ ಅಲ್ಲಿಂದ ಶುರುವಾಗಬೇಕು.

ಇನ್ನು ಅವಳಿಯಿಂದ ಯಂತ್ರಕ್ಕೆ ಆದೇಶ ವಾಪಸ್ ಹೋಗಲಿ ಅನ್ನೋರಿಗೆ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ನೆನಪಿಸ್ತೀನಿ. ಇರಾನಿನ ನತಾಂಜ್‌ನಲ್ಲಿ ಆ ವೈರಸ್ ಸೆಂಟ್ರಿಫ್ಯೂಜ್‌ಗಳನ್ನ ಹಾಳುಮಾಡ್ತಾ, ಅದೇ ಹೊತ್ತಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಸಹಜ ಅಂಕಿಗಳನ್ನ ವಾಪಸ್ ತೋರಿಸೋ ಹಾಗೆ ರಚಿಸಲಾಗಿತ್ತು. ಪರದೆ ಚೆನ್ನಾಗಿದೆ, ಯಂತ್ರ ಸಾಯ್ತಿದೆ. ಸುಳ್ಳು ಅವಳಿ ಅಂದ್ರೆ ಇದೇ. ಅದಕ್ಕೇ ಸ್ಥಾವರದ ನಿಯಂತ್ರಣ ಜಾಲದಿಂದ ಮಾಹಿತಿ ಹೊರಗೆ ಮಾತ್ರ ಬರಲಿ, ಒಳಗೆ ಹೋಗೋ ದಾರಿ ಭೌತಿಕವಾಗಿಯೇ ಇರಬಾರದು ಅನ್ನೋ ಪಕ್ಷ ನನ್ನದು. ಸಲಹೆ ಅವಳಿ ಕೊಡಲಿ, ಕೈ ಆಪರೇಟರದ್ದೇ ಇರಲಿ. ಆ ಸಲಹೆಗೂ ಆಗಾಗ ನೆಲದ ಸಾಕ್ಷಿ ಬೇಕು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದ್ರೆ ಸಿಪಿಆರ್‌ಐ, ಇಲ್ಲೇ ನಾಗಪುರದ ಕೋರಾಡಿಯಲ್ಲಿ ಉಷ್ಣ ಸಂಶೋಧನಾ ಕೇಂದ್ರ ನಡೆಸುತ್ತೆ. ಘಟಕ ನಿಂತಾಗ ಲೋಹದ ಮೇಲ್ಮೈ ಪರೀಕ್ಷಿಸಿ, ದಪ್ಪ ಅಳೆದು ಉಳಿದ ಆಯುಸ್ಸು ಅಂದಾಜಿಸೋದು ಇಂಥ ಕೇಂದ್ರಗಳು ಮಾಡೋ ಕೆಲಸ. ಅವಳಿ ಹೇಳಿದ ಆಯುಸ್ಸನ್ನ ಆ ವರದಿ ಜೊತೆ ತಾಳೆ ನೋಡದೇ ಇದ್ರೆ ನಾಲ್ಕೈದು ವರ್ಷಕ್ಕೆ ಅವಳಿ ತನ್ನದೇ ಲೋಕದಲ್ಲಿ ಬದುಕೋಕೆ ಶುರು ಮಾಡುತ್ತೆ.

ಕಾಲೇಜು ಹುಡುಗರು ತುಂಬ ಜನ ಕೇಳ್ತೀರಿ, ನಾವು ಎಲ್ಲಿಂದ ಶುರು ಮಾಡೋದು ಅಂತ. ಇಡೀ ಸ್ಥಾವರಕ್ಕೆ ಕೈ ಹಾಕ್ಬೇಡಿ. ಕಾಲೇಜಿನ ಲ್ಯಾಬ್‌ನಲ್ಲಿರೋ ಒಂದು ಪಂಪ್ ಸಾಕು. ಹರಿವು, ಪ್ರೆಶರ್, ಮೋಟಾರ್ ಕರೆಂಟು, ಬೇರಿಂಗ್ ತಾಪ: ನಾಲ್ಕು ಸೆನ್ಸರ್. ಪಂಪ್ ಸಮೀಕರಣ ಬರೆದು ಇರಬೇಕಾದ ಕರೆಂಟು ಲೆಕ್ಕ ಹಾಕಿ, ಇರೋದರ ಜೊತೆ ಹೋಲಿಸಿ. ಎರಡು ವಾರ ಓಡಿಸಿದ ಮೇಲೆ ಬೇಕಂತಲೇ ಹೀರುಕೊಳವೆಯ ಕವಾಟ ಸ್ವಲ್ಪ ಮುಚ್ಚಿ, ಯಾರಿಗೂ ಹೇಳಬೇಡಿ. ನಿಮ್ಮ ಅವಳಿ ಎಷ್ಟು ನಿಮಿಷಕ್ಕೆ ಕಂಡುಹಿಡಿಯಿತು, ಅದಕ್ಕೂ ಮುಂಚೆ ಎಷ್ಟು ಸಲ ಸುಮ್ಮಸುಮ್ಮನೆ ಕೂಗಿತ್ತು, ಈ ಎರಡು ಸಂಖ್ಯೆ ಬರೆದಿಡಿ. ಯಾವುದಾದ್ರೂ ಕಂಪನಿಯವರು ನಿಮ್ಮ ಕಾಲೇಜಿಗೆ ಬಂದು ದೊಡ್ಡ ಪರದೆ ಮೇಲೆ ತಿರುಗೋ ಟರ್ಬೈನ್ ತೋರಿಸಿದಾಗ ಅವರನ್ನೂ ಇದೇ ಎರಡು ಸಂಖ್ಯೆ ಕೇಳಿ.